ನಾಯಿಗೆ ಎಸೆದ ಲಿವರ್ ತುಂಡು ಮತ್ತು ಐಸ್‌ಲ್ಯಾಂಡಿನ ಒಂದು ಪುಟ್ಟ ಪುಸ್ತಕ

ಬೀದಿನಾಯಿ ಅಂದ ಕೂಡಲೇ ನಮ್ಮಲ್ಲಿ ಎರಡು ಪಂಗಡ ಎದ್ದು ನಿಲ್ಲುತ್ತವೆ. "ಎಲ್ಲವನ್ನೂ ಹಿಡಿದು ಊರಾಚೆ ಒಯ್ಯಿರಿ" ಅನ್ನೋದು ಒಂದು. "ಮೂಕಪ್ರಾಣಿ ಪಾಪ, ಅದಕ್ಕೂ ಬದುಕೋ ಹಕ್ಕಿಲ್ವೇ?" ಅನ್ನೋದು ಇನ್ನೊಂದು. 2025ರ ಜುಲೈನಲ್ಲಿ ಆಗಿನ ಬಿಬಿಎಂಪಿ ಸುಮಾರು 5,000 ಬೀದಿನಾಯಿಗಳಿಗೆ ಚಿಕನ್ ರೈಸ್ ಹಾಕುವ ಯೋಜನೆ ಮುಂದಿಟ್ಟಾಗ ಈ ಎರಡೂ ಪಂಗಡಗಳ ಜಗಳ ಟೀವಿಯಿಂದ ಟೀ ಅಂಗಡಿವರೆಗೂ ನಡೆಯಿತು. "ನಮಗೇ ಇಲ್ಲ ಚಿಕನ್ ರೈಸು" ಅನ್ನೋ ಜೋಕುಗಳು ಮೊಬೈಲಿಂದ ಮೊಬೈಲಿಗೆ ಹಾರಾಡಿದವು :-) ಮುಂದಿನ ತಿಂಗಳೇ ಸುಪ್ರೀಂ ಕೋರ್ಟಿನಿಂದ ಎರಡು ಆದೇಶ ಬಂತು. ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲಿನ ನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಹಾಕಿ ಅಂತ. ಆಗಸ್ಟ್ 22ರಂದು ಅದನ್ನು ಮಾರ್ಪಡಿಸಿ, ಸಂತಾನಹರಣ ಮಾಡಿ, ಜಂತಿನ ಔಷಧಿ ಕೊಟ್ಟು, ಲಸಿಕೆ ಹಾಕಿ, ರೇಬಿಸ್ ಇರುವ ಅಥವಾ ಮೇಲೆ ಬೀಳುವ ನಾಯಿಗಳನ್ನು ಬಿಟ್ಟು ಉಳಿದವನ್ನು ಹಿಡಿದ ಜಾಗಕ್ಕೇ ಬಿಡಿ ಅಂತ.

ಇಷ್ಟೆಲ್ಲ ಗಲಾಟೆಯಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಈ ನಾಯಿಗಳು ಈಗ ಏನು ತಿನ್ನುತ್ತಿವೆ? ಅದನ್ನು ಯಾರು ಹಾಕುತ್ತಿದ್ದಾರೆ?

ನಾಯಿ ಮತ್ತು ರೋಗ ಅಂದರೆ ನಮಗೆ ನೆನಪಾಗೋದು ರೇಬಿಸ್ ಒಂದೇ. ಸರಿಯೇ, ಅದು ಭಯಂಕರ. ಆದರೆ ಕಚ್ಚದೆ, ಬೊಗಳದೆ, ಸದ್ದಿಲ್ಲದೆ ನಾಯಿಯಿಂದ ಮನುಷ್ಯನಿಗೆ ಬರುವ ಇನ್ನೊಂದು ಕಾಯಿಲೆ ಇದೆ. ಡಾಕ್ಟರುಗಳು ಅದನ್ನು ಹೈಡಾಟಿಡ್ ಸಿಸ್ಟ್ ಅಂತಾರೆ. ಪುಸ್ತಕದ ಹೆಸರು ಎಕೈನೋಕಾಕೋಸಿಸ್. ವಿಶ್ವ ಆರೋಗ್ಯ ಸಂಸ್ಥೆ ಇದನ್ನು "ಅಲಕ್ಷಿತ ರೋಗ"ಗಳ ಪಟ್ಟಿಯಲ್ಲಿಟ್ಟಿದೆ. ಆ ಪಟ್ಟಿಯ ಹೆಸರೇ ಎಲ್ಲ ಹೇಳುತ್ತೆ ಅಲ್ವಾ?

ಕತೆ ಹೀಗಿದೆ. ನಾಯಿಯ ಕರುಳಲ್ಲಿ ಒಂದು ಪುಟಾಣಿ ಲಾಡಿಹುಳು ಇರುತ್ತದೆ. ಲಾಡಿಹುಳು ಅಂದ ತಕ್ಷಣ ಮೀಟರುಗಟ್ಟಲೆ ಉದ್ದದ್ದನ್ನು ಕಲ್ಪಿಸಿಕೊಳ್ಳಬೇಡಿ, ಇದರ ಉದ್ದ ಹೆಚ್ಚೆಂದರೆ 7 ಮಿಲಿಮೀಟರ್, ಒಂದು ಅಕ್ಕಿಕಾಳಿನಷ್ಟು. ಒಂದೇ ನಾಯಿಯ ಹೊಟ್ಟೆಯಲ್ಲಿ ಸಾವಿರಾರು ಇರಬಹುದು. ನಾಯಿಗೆ ಇದರಿಂದ ಏನೂ ಆಗುವುದಿಲ್ಲ, ಬಾಲ ಅಲ್ಲಾಡಿಸಿಕೊಂಡು ಆರಾಮಾಗಿರುತ್ತದೆ. ಹುಳದ ಮೊಟ್ಟೆಗಳು ನಾಯಿಯ ಮಲದಲ್ಲಿ ಹೊರಬಂದು ಹುಲ್ಲು, ಮಣ್ಣು, ನೀರು ಸೇರುತ್ತವೆ, ನಾಯಿಯ ಮೈಕೂದಲಿಗೂ ಅಂಟಿಕೊಳ್ಳುತ್ತವೆ. ಆ ಹುಲ್ಲನ್ನು ಕುರಿ, ಮೇಕೆ, ದನ, ಎಮ್ಮೆ ಮೇಯುತ್ತವೆ. ಮೊಟ್ಟೆಯೊಡೆದು ಬಂದ ಮರಿ ಕರುಳನ್ನು ಕೊರೆದು ರಕ್ತ ಸೇರಿ, ಲಿವರಿನಲ್ಲೋ ಶ್ವಾಸಕೋಶದಲ್ಲೋ ಕೂತು ನೀರು ತುಂಬಿದ ಗುಳ್ಳೆಯಾಗಿ ಬೆಳೆಯುತ್ತದೆ. ಆ ಕುರಿಯನ್ನು ಕಡಿದಾಗ ಗುಳ್ಳೆಯಿದ್ದ ಲಿವರ್ ತುಂಡನ್ನು "ಇದು ಮಾರೋಕೆ ಬರಲ್ಲ" ಅಂತ ಅಂಗಡಿಯವನು ಎಸೆಯುತ್ತಾನೆ. ಕಾಯುತ್ತ ಕೂತ ನಾಯಿ ಬಾಯಿ ಹಾಕುತ್ತದೆ. ಗುಳ್ಳೆಯೊಳಗಿನ ನೂರಾರು ಮರಿಗಳು ನಾಯಿಯ ಕರುಳಲ್ಲಿ ಹುಳುಗಳಾಗುತ್ತವೆ. ಆರೇಳು ವಾರಕ್ಕೆ ಮತ್ತೆ ಮೊಟ್ಟೆ ಶುರು. ಚಕ್ರ ತಿರುಗುತ್ತಲೇ ಇರುತ್ತದೆ.

ಈ ಚಕ್ರದಲ್ಲಿ ಮನುಷ್ಯನಿಗೆ ಜಾಗವೇ ಇಲ್ಲ. ಅಕಸ್ಮಾತ್ ಮೊಟ್ಟೆ ನಮ್ಮ ಬಾಯಿಗೆ ಹೋದರೆ ಪಾಪ ಆ ಮರಿ ನಮ್ಮನ್ನೂ ಕುರಿ ಅಂದುಕೊಳ್ಳುತ್ತದೆ. ನಮ್ಮ ಲಿವರಿನಲ್ಲೂ ಗುಳ್ಳೆ ಕಟ್ಟುತ್ತದೆ. ಜ್ವರ ಇಲ್ಲ, ನೋವಿಲ್ಲ. ವರ್ಷಗಟ್ಟಲೆ ಸುಮ್ಮನೆ ಬೆಳೆಯುತ್ತದೆ, ಕೆಲವರಲ್ಲಿ ತೆಂಗಿನಕಾಯಿ ಗಾತ್ರಕ್ಕೂ. ಚಿಕ್ಕಂದಿನಲ್ಲಿ ಹೊಕ್ಕ ಮರಿ ಮದುವೆಯಾಗಿ ಮಕ್ಕಳಾದ ಮೇಲೆ ಸ್ಕ್ಯಾನಿಂಗಿನಲ್ಲಿ ಕಾಣಿಸಿಕೊಳ್ಳಬಹುದು. ಗುಳ್ಳೆ ಒಳಗೇ ಒಡೆದರೆ ಆ ನೀರಿಗೆ ದೇಹ ಸಿಡಿದೆದ್ದು ಪ್ರಾಣಕ್ಕೇ ಕುತ್ತು ಬರಬಹುದು. ಇಲ್ಲವೇ ಒಂದು ಗುಳ್ಳೆ ಹೋಗಿ ಹತ್ತಾಗಬಹುದು. ಹಾಗಾಗಿ ಆಪರೇಷನ್ನು, ತಿಂಗಳುಗಟ್ಟಲೆ ಆಲ್ಬೆಂಡಜೋಲ್ ಗುಳಿಗೆ, ವರ್ಷಗಟ್ಟಲೆ ಸ್ಕ್ಯಾನಿಂಗು.

ನಮ್ಮ ಕಡೆಯ ಅತ್ತೆಯೊಬ್ಬರಿಗೆ ಹೀಗೇ ಆಪರೇಷನ್ ಆಯಿತು. ಮಲೆನಾಡಿನ ಹಳ್ಳಿ, ಅಡಿಕೆ ತೋಟದ ಮನೆ. ಹುಟ್ಟಿದಾಗಿನಿಂದ ಮಾಂಸ ಮುಟ್ಟಿದವರಲ್ಲ. ಮನೆಯಲ್ಲಿ ನಾಯಿಯನ್ನೂ ಸಾಕಿದವರಲ್ಲ. ಆಸ್ಪತ್ರೆಯಿಂದ ಬಂದಾಗ ಕೈಯಲ್ಲಿ ನಾಲ್ಕು ಪುಟದ ಇಂಗ್ಲಿಷ್ ಕಾಗದ ಇತ್ತು. ಅದರಲ್ಲಿ ಗುಳ್ಳೆಯ ಅಳತೆ ಇತ್ತು, ಔಷಧಿ ಹೆಸರಿತ್ತು, ಬಿಲ್ಲಂತೂ ಇದ್ದೇ ಇತ್ತು. ಇದು ಎಲ್ಲಿಂದ ಬಂತು ಅನ್ನೋದು ಮಾತ್ರ ಇರಲಿಲ್ಲ, ಬಾಯಲ್ಲೂ ಯಾರೂ ಹೇಳಿರಲಿಲ್ಲ. "ಮೊಮ್ಮಗನ ಮುಂಜಿಯಲ್ಲಿ ಹೊರಗಿನ ಅಡುಗೆಯವರ ಊಟ ಮಾಡಿದ್ದೆ, ಅದೇ ಇರಬೇಕು" ಅಂತ ಅತ್ತೆ ತಾವೇ ಒಂದು ತೀರ್ಮಾನಕ್ಕೆ ಬಂದುಬಿಟ್ಟಿದ್ದರು. ನಾನು ಈ ನಾಯಿ-ಕುರಿ ಚಕ್ರವನ್ನೆಲ್ಲ ವಿವರಿಸಿದ ಮೇಲೆ ಅವರು ಕೇಳಿದ್ದು ಒಂದೇ ಮಾತು: "ಮಾಂಸ ತಿಂದವರಿಗೆ ಬರಬೇಕಾದ್ದು ನನಗೆ ಯಾಕೋ ಬಂತು?"

ಆ ಪ್ರಶ್ನೆಯಲ್ಲೇ ನಮ್ಮೆಲ್ಲರ ತಪ್ಪು ತಿಳಿವಳಿಕೆ ಅಡಗಿದೆ. ಗುಳ್ಳೆಯಿರುವ ಕುರಿಯ ಮಾಂಸ ತಿಂದರೆ ಮನುಷ್ಯನಿಗೆ ಈ ರೋಗ ಬರುವುದೇ ಇಲ್ಲ! ಗುಳ್ಳೆಯಿಂದ ರೋಗ ಹತ್ತುವುದು ನಾಯಿಗೆ. ನಮಗೆ ಹತ್ತುವುದು ನಾಯಿಯ ಮಲದಲ್ಲಿನ ಮೊಟ್ಟೆಯಿಂದ. ಅಂದರೆ ಭಾನುವಾರ ಚೆನ್ನಾಗಿ ಮಟನ್ ಸಾರು ಉಂಡವನಿಗಿಂತ, ಸರಿಯಾಗಿ ತೊಳೆಯದ ಕೊತ್ತಂಬರಿ ಸೊಪ್ಪನ್ನು ಹಸಿಯಾಗಿ ಕೋಸಂಬರಿಗೆ ಹಾಕಿಕೊಂಡವರಿಗೆ, ಮಣ್ಣಲ್ಲಿ ಆಡಿ ಕೈತೊಳೆಯದೆ ಚಕ್ಕುಲಿ ತಿಂದ ಮಗುವಿಗೆ ಅಪಾಯ ಹೆಚ್ಚು. ಇಲ್ಲಿ ಜಾತಿ, ಆಹಾರ, ಮಡಿ ಯಾವುದೂ ರಕ್ಷಣೆಗೆ ಬರುವುದಿಲ್ಲ. "ನಾವು ಸಸ್ಯಾಹಾರಿಗಳು, ನಮಗೇನು" ಅನ್ನೋ ಹಾಗಿಲ್ಲ. "ನಾವು ನಾಯಿ ಸಾಕಿಲ್ಲ" ಅನ್ನೋ ಹಾಗೂ ಇಲ್ಲ.

ಹಾಗಾದರೆ ಎಲ್ಲ ನಾಯಿಗಳನ್ನೂ ಹಿಡಿದು ಒಯ್ದರೆ ಮುಗೀತಲ್ಲ ಅಂತ ಮೊದಲ ಪಂಗಡದವರು ಹೇಳಬಹುದು. ಸ್ವಲ್ಪ ತಾಳಿ. ಈ ರೋಗವನ್ನು ನಿಜವಾಗಿಯೂ ಓಡಿಸಿದ ಕೆಲವು ದೇಶಗಳಿವೆ. ಅವರು ಏನು ಮಾಡಿದರು ಅಂತ ನೋಡೋಣ.

ಮೊದಲನೆಯದು ಐಸ್‌ಲ್ಯಾಂಡ್. ಹತ್ತೊಂಬತ್ತನೇ ಶತಮಾನದ ನಡುವಿನಲ್ಲಿ ಪ್ರಪಂಚದಲ್ಲೇ ಈ ರೋಗ ಅತಿ ಹೆಚ್ಚಿದ್ದ ಜಾಗಗಳಲ್ಲಿ ಅದೂ ಒಂದು. 1840ರ ದಶಕದ ಕೊನೆಯಲ್ಲಿ ಅಲ್ಲಿಗೆ ಹೋಗಿದ್ದ ಶ್ಲೈಸ್ನರ್ ಎಂಬ ಡ್ಯಾನಿಶ್ ವೈದ್ಯ ಆರೇಳು ಜನರಲ್ಲಿ ಒಬ್ಬರಿಗೆ ಈ ಗುಳ್ಳೆ ಇದೆ ಅಂತ ಅಂದಾಜು ಮಾಡಿದ್ದ. ಅದು ತೀರಾ ಹೆಚ್ಚಾಯಿತು ಅಂತ ಆಮೇಲಿನವರು ಅಂದರೂ, ರೋಗ ಮನೆಮನೆಯ ಮಾತಾಗಿತ್ತು ಅನ್ನುವುದರಲ್ಲಿ ಅನುಮಾನವಿಲ್ಲ. ಕುರಿ ಸಾಕಿ ಬದುಕುವ ದೇಶ ಅದು. ಕುರಿ ಕಾಯಲು ಮನೆಗೊಂದೆರಡು ನಾಯಿ. ಕುರಿ ಕಡಿಯುವುದು ಮನೆಯಂಗಳದಲ್ಲಿ. ಬೇಡದ್ದೆಲ್ಲ ನಾಯಿಗೆ. ಚಳಿಗಾಲದಲ್ಲಿ ಮನುಷ್ಯ, ನಾಯಿ ಎಲ್ಲ ಒಂದೇ ಸೂರಿನಡಿ.

1863ರಲ್ಲಿ ಕೋಪನ್‌ಹೇಗನ್‌ನಿಂದ ಹರಾಲ್ಡ್ ಕ್ರಾಬ್ಬೆ ಎಂಬ ವಿಜ್ಞಾನಿ ಅಲ್ಲಿಗೆ ಹೋದ. ನೂರು ನಾಯಿಗಳ ಕರುಳು ಬಿಚ್ಚಿ ನೋಡಿದಾಗ 28ರಲ್ಲಿ ಈ ಹುಳು ಸಿಕ್ಕಿತು. ಮುಂದೆ ಆತ ಮಾಡಿದ ಕೆಲಸ ನೋಡಿ. ವಿಜ್ಞಾನದ ಪತ್ರಿಕೆಗೆ ಬರೆದು ಸುಮ್ಮನಾಗಲಿಲ್ಲ. 1864ರಲ್ಲಿ ಐಸ್‌ಲ್ಯಾಂಡಿನ ಜನರ ಭಾಷೆಯಲ್ಲೇ ಒಂದು ಪುಟ್ಟ ಪುಸ್ತಕ ಬಂತು. ಈ ರೋಗ ಏನು, ಹೇಗೆ ಬರುತ್ತದೆ, ತಡೆಯುವುದು ಹೇಗೆ ಅಂತ ಐಸ್‌ಲ್ಯಾಂಡಿನವರಿಗಾಗಿಯೇ ಬರೆದದ್ದು. ಮನೆಮನೆಗೂ ಪುಕ್ಕಟೆ ಹಂಚಿದರು. ಗುಳ್ಳೆ ಕಂಡರೆ ಸುಡಿ ಇಲ್ಲವೇ ಹೂಳಿ, ನಾಯಿಗೆ ಹಾಕಬೇಡಿ, ನಾಯಿಗೆ ಜಂತಿನ ಔಷಧಿ ಕೊಡಿ, ಕೈ ತೊಳೆಯಿರಿ. ಇಷ್ಟೇ ಸಾರಾಂಶ. ಅಲ್ಲಿನ ರೈತರಿಗೆ ಓದು ಬರುತ್ತಿತ್ತು. ಉದ್ದನೆಯ ಚಳಿಗಾಲದ ಸಂಜೆಗಳಲ್ಲಿ ಮನೆಮಂದಿಯೆಲ್ಲ ಉಣ್ಣೆ ಕೆಲಸ ಮಾಡುತ್ತ ಕೂತಿರುವಾಗ ಒಬ್ಬರು ಗಟ್ಟಿಯಾಗಿ ಓದಿ ಹೇಳುವ ಪದ್ಧತಿಯೂ ಇತ್ತು.

ಕಾನೂನು ಆಮೇಲೆ ಬಂತು. 1869ರಲ್ಲಿ ನಾಯಿ ಸಾಕುವವರ ಮೇಲೆ ತೆರಿಗೆ. 1890ರಲ್ಲಿ ನಾಯಿಗಳಿಗೆ ಜಂತಿನ ಔಷಧಿ ಕಡ್ಡಾಯ. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ಅಂಗಳದ ಕಡಿತ ಕಡಿಮೆಯಾಗಿ ಕಸಾಯಿಖಾನೆಗಳು ಬಂದವು. ನೀಲ್ಸ್ ದುಂಗಾಲ್ ಎಂಬ ಐಸ್‌ಲ್ಯಾಂಡಿನ ರೋಗಶಾಸ್ತ್ರಜ್ಞರು ಶವಪರೀಕ್ಷೆಗಳ ಲೆಕ್ಕ ತೆಗೆದು ನೋಡಿದಾಗ ಒಂದು ಸೊಗಸಾದ ಸಂಗತಿ ಕಂಡಿತು. ಆ ಪುಸ್ತಕಕ್ಕಿಂತ ಮೊದಲು ಹುಟ್ಟಿದವರ ದೇಹದಲ್ಲಿ ಗುಳ್ಳೆಗಳು ಸಾಮಾನ್ಯ. ಆಮೇಲೆ ಹುಟ್ಟಿದವರಲ್ಲಿ ದಶಕದಿಂದ ದಶಕಕ್ಕೆ ಇಳಿಯುತ್ತ ಬಂದು, ಶತಮಾನದ ಕೊನೆಯಲ್ಲಿ ಹುಟ್ಟಿದವರಲ್ಲಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಕಡೆಗೆ 1979ರ ನಂತರ ಕುರಿಗಳಲ್ಲೂ ಕಾಣಿಸಿಕೊಳ್ಳಲಿಲ್ಲ.

ರೇಕ್ಯಾವಿಕ್ ನಗರದಲ್ಲಿ ನಾಯಿ ಸಾಕುವುದನ್ನೇ ನಿಷೇಧಿಸಿದ್ದರು ಅನ್ನುವ ಮಾತನ್ನು ನೀವೂ ಓದಿರಬಹುದು. ಹೌದು, ನಿಜ. ಆದರೆ ಅದು ಬಂದದ್ದು 1924ರಲ್ಲಿ, ರೋಗ ಅಷ್ಟು ಹೊತ್ತಿಗಾಗಲೇ ಕಾಲ್ಕಿತ್ತಿತ್ತು. 1984ರಲ್ಲಿ ಅದನ್ನು ಸಡಿಲಿಸಿದರು. ಹಳ್ಳಿಗಳಲ್ಲಿ ಕುರಿನಾಯಿಗಳು ಮೊದಲೂ ಇದ್ದವು, ಆಮೇಲೂ ಇದ್ದವು. ನಾಯಿ ಉಳಿಯಿತು, ರೋಗ ಹೋಯಿತು.

ಎರಡನೆಯದು ನ್ಯೂಜಿಲೆಂಡ್, ಮನುಷ್ಯರಿಗಿಂತ ಕುರಿಗಳೇ ಹೆಚ್ಚಿರುವ ನಾಡು. ಅಲ್ಲಿ ಲೂಯಿಸ್ ಬಾರ್ನೆಟ್ ಎಂಬ ಸರ್ಜನ್, ಆಪರೇಷನ್ ಮಾಡಿ ಮಾಡಿ ಸಾಕಾಗಿ, ಇದನ್ನು ಬುಡದಲ್ಲೇ ತಡೆಯಬೇಕು ಅಂತ ದಶಕಗಳ ಕಾಲ ಹೋರಾಡಿದರು. 1930ರ ದಶಕದ ಕೊನೆಯಲ್ಲಿ ನಾಯಿ ಮಾಲೀಕರ ಕೈಗೆ ಜಂತಿನ ಗುಳಿಗೆ ಕೊಟ್ಟು "ನೀವೇ ಹಾಕಿ" ಅಂದರು. ನಿರೀಕ್ಷಿಸಿದಷ್ಟು ಫಲ ಸಿಗಲಿಲ್ಲ. ನಮ್ಮಲ್ಲಿ ಪುಕ್ಕಟೆ ಕೊಟ್ಟ ಗುಳಿಗೆ ಕಪಾಟಿನಲ್ಲೇ ಉಳಿಯುತ್ತದಲ್ಲ, ಹಾಗೆ. 1957ರಲ್ಲಿ ದುಂಗಾಲ್ ಅವರ ಐಸ್‌ಲ್ಯಾಂಡ್ ಲೇಖನ ಪ್ರಕಟವಾದದ್ದು ನ್ಯೂಜಿಲೆಂಡಿನ ವೈದ್ಯಕೀಯ ಪತ್ರಿಕೆಯಲ್ಲೇ. ಎರಡೇ ವರ್ಷಕ್ಕೆ, 1959ರಲ್ಲಿ, ಅಲ್ಲಿ ಹೈಡಾಟಿಡ್ಸ್ ಕಾಯ್ದೆ ಬಂತು. ಊರೂರಿಗೆ ಅಧಿಕಾರಿಗಳು. ಗೊತ್ತಾದ ದಿನ ರೈತರೆಲ್ಲ ತಮ್ಮ ನಾಯಿಗಳನ್ನು ಒಂದು ಬಯಲಿಗೆ ತರಬೇಕು. ಸಾಲಾಗಿ ಕಟ್ಟಿ ಔಷಧಿ ಕುಡಿಸುವರು. ಭೇದಿಯಾದ ಮೇಲೆ ಅದರ ಸ್ಯಾಂಪಲ್ ಪ್ರಯೋಗಾಲಯಕ್ಕೆ. ಹುಳು ಕಂಡರೆ ಆ ಮನೆಯವರು ನಾಯಿಗೆ ಹಸಿ ಒಳಾಂಗ ಹಾಕುತ್ತಿದ್ದಾರೆ ಅಂತ ಅರ್ಥ! ನಾಯಿಯ ಹೊಟ್ಟೆ ಯಜಮಾನನ ಗುಟ್ಟನ್ನು ರಟ್ಟು ಮಾಡುತ್ತಿತ್ತು :-) 2002ರಲ್ಲಿ ನ್ಯೂಜಿಲೆಂಡ್ ತಾನು ಈ ರೋಗದಿಂದ ತಾತ್ಕಾಲಿಕವಾಗಿ ಮುಕ್ತ ಅಂತ ಘೋಷಿಸಿಕೊಂಡಿತು.

ಆ ಬಯಲುಗಳಲ್ಲಿ ನಾಯಿಗೆ ಕುಡಿಸುತ್ತಿದ್ದ ಔಷಧಿ ಯಾವುದು ಗೊತ್ತೇ? ಅರೆಕೋಲಿನ್. ನಮ್ಮ ಅಡಿಕೆಯಲ್ಲಿರುವ ಸತ್ವ! ಅಡಿಕೆಗೆ ಇಂಗ್ಲಿಷಿನವರು ಅರೆಕಾ ಅಂತಾರಲ್ಲ, ಅದರಿಂದಲೇ ಆ ಹೆಸರು. ಅತ್ತೆಯ ತೋಟದಲ್ಲಿ ಗೊನೆಗೊನೆಯಾಗಿ ತೂಗುವ ಕಾಯಿಯ ಸತ್ವ ಅಷ್ಟು ದೂರದ ನಾಯಿಗಳ ಹೊಟ್ಟೆ ತೊಳೆಯಿತು, ಅತ್ತೆಗೆ ಮಾತ್ರ ಆ ರೋಗ ಬಂತು. (ದಯವಿಟ್ಟು ಯಾರೂ ನಾಯಿಗೆ ಅಡಿಕೆ ತಿನ್ನಿಸಲು ಹೋಗಬೇಡಿ. ಅದು ನಾಯಿಗೆ ಹಿಂಸೆ. ಈಗ ಪ್ರಾಜಿಕ್ವಾಂಟೆಲ್ ಎಂಬ ಒಳ್ಳೆಯ ಔಷಧಿ ಇದೆ, ಭೇದಿಯಿಲ್ಲದೆ ಹುಳುವನ್ನು ಕೊಲ್ಲುತ್ತದೆ.)

ಈಗ ನಮ್ಮೂರಿಗೆ ಬರೋಣ. ನಮ್ಮ ಪೇಟೆಗಳಲ್ಲಿ ಮಾಂಸದಂಗಡಿ ಮುಂದೆ ನಾಯಿಗಳು ಯಾಕೆ ಕೂತಿರುತ್ತವೆ? ಸಿಗುತ್ತದೆ ಅಂತ ಗೊತ್ತು, ಅದಕ್ಕೆ. 2001ರಿಂದಲೇ ಕೇಂದ್ರದ ನಿಯಮ ಇದೆ, ನಗರ ವ್ಯಾಪ್ತಿಯಲ್ಲಿ ಪರವಾನಗಿ ಇರುವ ಕಸಾಯಿಖಾನೆ ಬಿಟ್ಟು ಬೇರೆಡೆ ಪ್ರಾಣಿ ಕಡಿಯುವಂತಿಲ್ಲ. ಎಷ್ಟು ಕಡೆ ಅದು ನಡೆಯುತ್ತಿದೆ ಅನ್ನೋದನ್ನು ನಿಮ್ಮ ಬೀದಿಯಲ್ಲೇ ನೋಡಿಕೊಳ್ಳಿ. ಜಾತ್ರೆ, ಮಾರಿಹಬ್ಬದ ದಿನಗಳಲ್ಲಂತೂ ಹಳ್ಳಿಯ ಅಂಗಳವೇ ಹಳೇ ಐಸ್‌ಲ್ಯಾಂಡಿನ ಅಂಗಳ. ಸತ್ತ ದನವನ್ನು ಊರಾಚೆ ಎಳೆದು ಹಾಕುವುದೂ ಇದೆ. ಮೊದಲು ಅದನ್ನು ರಣಹದ್ದುಗಳು ಗಂಟೆಗಳಲ್ಲಿ ಮುಗಿಸುತ್ತಿದ್ದವು. ರಣಹದ್ದಿನ ಹೊಟ್ಟೆಯಲ್ಲಿ ಈ ಹುಳು ಬೆಳೆಯುವುದಿಲ್ಲ, ಚಕ್ರ ಅಲ್ಲಿಗೇ ನಿಲ್ಲುತ್ತಿತ್ತು. 1990ರ ದಶಕದಲ್ಲಿ ದನಗಳಿಗೆ ಕೊಟ್ಟ ಡೈಕ್ಲೋಫೆನಾಕ್ ನೋವಿನ ಔಷಧಿಯಿಂದ ರಣಹದ್ದುಗಳು ಸಾಲುಸಾಲಾಗಿ ಸತ್ತವು. 2006ರಲ್ಲಿ ಆ ಔಷಧಿಯ ಪಶುಬಳಕೆ ನಿಷೇಧವಾಯಿತು, ಅಷ್ಟರಲ್ಲಿ ಆಗಬೇಕಾದ್ದು ಆಗಿತ್ತು. ಖಾಲಿಯಾದ ಊಟದೆಲೆಗೆ ನಾಯಿ ಬಂದು ಕೂತಿತು.

ನನ್ನ ವಾದ ಇಷ್ಟೇ. ಇದು ನಾಯಿಯ ರೋಗವಲ್ಲ, ನಾವು ಎಸೆಯುವ ಕಸದ ರೋಗ. ನಾಯಿ ಕೊಂಡಿ ಅಷ್ಟೇ. ಒಂದು ನಾಯಿಯನ್ನು ಒಯ್ದರೆ, ಮಾಂಸದಂಗಡಿ ಮುಂದಿನ ಆ ಜಾಗಕ್ಕೆ ವಾರದೊಳಗೆ ಇನ್ನೊಂದು ಬರುತ್ತದೆ. ಹಾಗೆಂದು ಪ್ರೀತಿಯಿಂದ ಬಿಸ್ಕೆಟ್ ಹಾಕಿ ಬೆನ್ನು ಸವರಿದರೂ ಅದರ ಹೊಟ್ಟೆಯ ಹುಳು ಸಾಯುವುದಿಲ್ಲ. ಎರಡೂ ಪಂಗಡಗಳು ನಾಯಿಯನ್ನೇ ನೋಡುತ್ತಿವೆ, ನಾಯಿಯ ಬಾಯಲ್ಲಿರುವುದನ್ನು ನೋಡುತ್ತಿಲ್ಲ.

ಸಂತಾನಹರಣದ ಹೊತ್ತಿಗೆ ಜಂತಿನ ಔಷಧಿಯನ್ನೂ ಕೊಡಿ ಅಂತ ಕೋರ್ಟು ಹೇಳಿದ್ದು ಒಳ್ಳೆಯದೇ. ಆದರೆ ರೇಬಿಸ್ ಲಸಿಕೆ ಹಾಕಿದ ಹಾಗಲ್ಲ ಇದು. ಈ ಗುಳಿಗೆ ಇವತ್ತು ಹೊಟ್ಟೆಯಲ್ಲಿರುವ ಹುಳುವನ್ನು ಕೊಲ್ಲುತ್ತದೆ. ನಾಳೆ ಅದೇ ನಾಯಿ ಅದೇ ಅಂಗಡಿ ಮುಂದೆ ಅಂಥದೇ ಲಿವರ್ ತುಂಡು ತಿಂದರೆ ಆರೇಳು ವಾರಕ್ಕೆ ಮತ್ತೆ ಮೊಟ್ಟೆ. ರೋಗ ಹೆಚ್ಚಿರುವ ಕಡೆ ಸುಮಾರು 6 ವಾರಕ್ಕೊಮ್ಮೆ ಗುಳಿಗೆ ಕೊಡಬೇಕು ಅನ್ನುವುದು ಇದಕ್ಕೇ. ಹೊಲಿಗೆ ಹಾಕಿ, ಒಂದು ಗುಳಿಗೆ ನುಂಗಿಸಿ, ಅದೇ ಕಸದ ಗುಡ್ಡೆಯ ಪಕ್ಕ ಬಿಟ್ಟು ಬಂದರೆ ರಿಜಿಸ್ಟರಿನಲ್ಲಿ ಟಿಕ್ ಬೀಳುತ್ತದೆ, ಚಕ್ರ ನಿಲ್ಲುವುದಿಲ್ಲ.

"ಮಾಂಸದಂಗಡಿಯವರು ಬಡವರು, ಅವರ ಮೇಲೆ ಯಾಕ್ರೀ ಎಗರಾಡ್ತೀರಿ?" ಅಂತ ನೀವು ಕೇಳಬಹುದು. ಎಗರಾಡುವುದು ಬೇಡ. ಮುಚ್ಚಳವಿರುವ ಡ್ರಮ್ಮು, ದಿನಾ ಬಂದು ಒಯ್ಯುವ ಗಾಡಿ, ಒಯ್ದದ್ದನ್ನು ಆಳವಾಗಿ ಹೂಳುವ ಇಲ್ಲವೇ ಬೇಯಿಸುವ ವ್ಯವಸ್ಥೆ, ಇವನ್ನು ಕೊಡಬೇಕಾದ್ದು ನಗರಸಭೆ, ಪಂಚಾಯಿತಿ. ನಾಯಿಗೆ ಒಳಾಂಗ ಹಾಕಲೇಬೇಕು ಅನ್ನುವವರು ಅರ್ಧ ಮುಕ್ಕಾಲು ಗಂಟೆ ಚೆನ್ನಾಗಿ ಕುದಿಸಿ ಹಾಕಲಿ, ಗುಳ್ಳೆಯ ಮರಿ ಸಾಯುತ್ತದೆ. ಆ ಲೆಕ್ಕದಲ್ಲಿ ಬೇಯಿಸಿದ ಚಿಕನ್ ರೈಸ್ ಹಸಿ ಲಿವರಿಗಿಂತ ಎಷ್ಟೋ ವಾಸಿ! ನಾಯಿ ಸಾಕಿದವರು ಜಂತಿನ ಗುಳಿಗೆಯ ಪೊಟ್ಟಣದ ಮೇಲೆ ಪ್ರಾಜಿಕ್ವಾಂಟೆಲ್ ಅಂತ ಇದೆಯಾ ನೋಡಿಕೊಳ್ಳಿ, ಎಲ್ಲ ಗುಳಿಗೆಯೂ ಲಾಡಿಹುಳುವಿಗಲ್ಲ. ಕುರಿಗಳಿಗೆ ಹಾಕುವ ಲಸಿಕೆಯೂ ಬಂದಿದೆ, ಇಜಿ95 ಅಂತ, ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡಿನವರು ಸೇರಿ ಕಂಡುಹಿಡಿದದ್ದು. ದಾರಿ ಇಲ್ಲದೆ ನಾವು ಕೂತಿಲ್ಲ.

ಕಷ್ಟ ಇರುವುದು ಕಾಲದಲ್ಲಿ. 1959ರಿಂದ 2002 ಅಂದರೆ 43 ವರ್ಷ. ಐಸ್‌ಲ್ಯಾಂಡಿಗೆ ನೂರು ದಾಟಿತು. ಇವತ್ತು ಡ್ರಮ್ಮಿಗೆ ಮುಚ್ಚಳ ಹಾಕಿದರೆ ಅದರ ಪುಣ್ಯ ಇವತ್ತಿನ ಮಗುವಿಗೆ, ಅದು ದೊಡ್ಡದಾದ ಮೇಲೆ, ಯಾವ ಗುಳ್ಳೆಯೂ ಇಲ್ಲದ ಸ್ಕ್ಯಾನಿಂಗ್ ರಿಪೋರ್ಟಿನ ರೂಪದಲ್ಲಿ ಸಿಗುತ್ತದೆ. ಐದು ವರ್ಷಕ್ಕೊಮ್ಮೆ ಓಟು ಕೇಳುವವರಿಗೆ ಇದರಲ್ಲಿ ಫ್ಲೆಕ್ಸ್ ಹಾಕಿಸಿಕೊಳ್ಳುವಂಥದ್ದು ಏನೂ ಇಲ್ಲ. ಅದರ ಮೇಲೆ ಆಸ್ಪತ್ರೆ ಒಂದು ಇಲಾಖೆ, ಪಶುವೈದ್ಯರು ಇನ್ನೊಂದು, ಕಸ ಮತ್ತೊಂದು. ಗುಳ್ಳೆ ಮಾತ್ರ ಮೂರೂ ಇಲಾಖೆ ದಾಟಿ ಆರಾಮಾಗಿ ಓಡಾಡುತ್ತಿದೆ.

ಬ್ಲಾಗಿಗ ಗೆಳೆಯರಲ್ಲಿ ನಾನು ಇದನ್ನು ಹೇಳಿಕೊಳ್ಳುತ್ತಿರುವುದಕ್ಕೆ ಕಾರಣ ಆ 1864ರ ಪುಸ್ತಕ. ಐಸ್‌ಲ್ಯಾಂಡಿನ ಜನ ಈ ರೋಗವನ್ನು ಕರೆಯಲು ತಮ್ಮದೇ ಮಾತು ಇಟ್ಟುಕೊಂಡಿದ್ದರು, ಸುಲ್ಲಾವೇಕಿ ಅಂತ. ತಮ್ಮ ಭಾಷೆಯಲ್ಲಿ ಓದಿದರು, ಅರ್ಥವಾಯಿತು, ಅಂಗಳದಲ್ಲಿ ಗುಂಡಿ ತೋಡಿದರು. ನಮ್ಮ ಅತ್ತೆಯ ಕೈಗೆ ಸಿಕ್ಕಿದ್ದು ಇಂಗ್ಲಿಷ್ ಕಾಗದ ಮತ್ತು ಮುಂಜಿ ಊಟದ ಮೇಲೊಂದು ಸುಳ್ಳು ಅನುಮಾನ. ನಾವು ಇಲ್ಲಿ ಕವನ ಬರೀತೀವಿ, ಸಿನಿಮಾ ವಿಮರ್ಶೆ ಬರೀತೀವಿ, ಕನ್ನಡ ಉಳಿಯುತ್ತಾ ಅಳಿಯುತ್ತಾ ಅಂತ ವರ್ಷಕ್ಕೆರಡು ಸಲ ಚರ್ಚೆ ಮಾಡ್ತೀವಿ. ಭಾಷೆ ಉಳಿಯೋದು ಇಂಥ ಕೆಲಸಕ್ಕೆ ಬಂದಾಗ ಅಲ್ವಾ? ನಿಮ್ಮಲ್ಲಿ ಪಶುವೈದ್ಯರಿದ್ದೀರಿ, ಮೇಷ್ಟ್ರುಗಳಿದ್ದೀರಿ, ಚಿತ್ರ ಬರೆಯೋರಿದ್ದೀರಿ. ಮಾಂಸದಂಗಡಿ ಗೋಡೆಗೆ ಅಂಟಿಸಬಹುದಾದ ಒಂದು ಪುಟ, ಕನ್ನಡದಲ್ಲಿ, ಚಿತ್ರ ಸಮೇತ, ಮಾಡೋಣವೇ? ಮೊದಲಿಗೆ ಒಂದು ಹೆಸರು ಬೇಕು. "ನೀರುಗುಳ್ಳೆ ರೋಗ" ಅಂತ ನಾನು ಸದ್ಯಕ್ಕೆ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಹೊಳೆದರೆ ತಿಳಿಸಿ, ನಿಮ್ಮೂರ ಕಡೆ ಕುರಿ ಕಡಿಯುವವರು ಈ ಗುಳ್ಳೆಗೆ ಏನಂತಾರೆ ಅಂತ ಕೇಳಿಕೊಂಡು ಬಂದರೆ ಇನ್ನೂ ಸಂತೋಷ.